ಬೆಂಜ್ ಕೊಡುವುದಿದೆ

ಚಿಕ್ಕಮಗಳೂರು ಜಿಲ್ಲೆಯವನು ಎಂದು ಹೇಳಿಕೊಂಡರೆ ಬೆಂಗಳೂರಿನಲ್ಲಿ ಮೊದಲು ಎದುರಾಗುವ ಪ್ರಶ್ನೆ, "ಎಷ್ಟು ಎಕರೆ ಕಾಫಿ?" ಕಾಫಿ ಇಲ್ಲ, ನಮ್ಮದು ಚೌಳಹಿರಿಯೂರು ಎಂದರೆ, "ಓ, ಹಿರಿಯೂರಾ? ವಾಣಿವಿಲಾಸ ಸಾಗರದ ಹತ್ತಿರ!" ಎಂದು ನಮ್ಮನ್ನು ಎತ್ತಿ ಚಿತ್ರದುರ್ಗ ಜಿಲ್ಲೆಗೆ ಹಾಕುತ್ತಾರೆ. ಅದೂ ಅಲ್ಲ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕಾಫಿ, ಮೆಣಸು, ಮಂಜು, ಮುಳ್ಳಯ್ಯನಗಿರಿ, ಹೋಂಸ್ಟೇ ಇವೆಲ್ಲ ಜಿಲ್ಲೆಯ ಆ ಮಗ್ಗುಲಿನವರ ಪಾಲಿಗೆ ಹೋದವು. ಕಡೂರು, ಬೀರೂರು, ಅಜ್ಜಂಪುರದ ಕಡೆಯ ಈ ಮಗ್ಗುಲು ಮಳೆನೆರಳಿನದು. ರಾಗಿ, ಜೋಳ, ಈರುಳ್ಳಿ, ತೆಂಗು, ಮತ್ತೆ ಕೊಳವೆಬಾವಿ ಎಷ್ಟು ದಿನ ಬದುಕುತ್ತದೋ ಅಷ್ಟು ದಿನದ ಅಡಿಕೆ. ಇದನ್ನೆಲ್ಲ ಹೇಳುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲವಾದ್ದರಿಂದ ನಾನು ಒಂದು ಚುಟುಕು ಉತ್ತರ ಕಂಡುಕೊಂಡೆ: "ಕಾಫಿ ಇಲ್ಲ. ಆದರೆ ನಮ್ಮ ದೊಡ್ಡಪ್ಪನ ಶೆಡ್ಡಿನಲ್ಲಿ ಒಂದು ಬೆಂಜ್ ಇದೆ."

ಇದರಲ್ಲಿ ಸುಳ್ಳೇನಿಲ್ಲ. 1954ರಲ್ಲಿ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ಮಾಡಲು ಶುರುಮಾಡಿತು. ಅಲ್ಲಿಯವರೆಗೆ ಅದು ರೈಲ್ವೆಗೆ ಉಗಿಬಂಡಿ ಮಾಡಿಕೊಡುತ್ತಿದ್ದ ಕಾರ್ಖಾನೆ. ಒಪ್ಪಂದ ನಡೆದದ್ದು 15 ವರ್ಷ. 1969ರವರೆಗೆ ಆ ಲಾರಿಗಳ ಮೂಗಿನ ಮೇಲೆ ಮೂರು ಕೋಡಿನ ಬೆಂಜ್ ನಕ್ಷತ್ರವೇ ಇರುತ್ತಿತ್ತು. ಆಮೇಲೆ ಅದರ ಜಾಗಕ್ಕೆ ಟಾಟಾದವರ 'ಟಿ' ಬಂತು. ಹಳೆಯ ಡ್ರೈವರುಗಳ ಬಾಯಲ್ಲಿ ಮಾತ್ರ ನಕ್ಷತ್ರ ಹೋದರೂ ಬೆಂಜ್ ಹೋಗಲಿಲ್ಲ. ನಮ್ಮ ದೊಡ್ಡಪ್ಪನದು ನಕ್ಷತ್ರವಿದ್ದ ಕಾಲದ, ಎಂವೈ ಎಂದು ಶುರುವಾಗುವ ಮೈಸೂರು ರಾಜ್ಯದ ನಂಬರಿನ, ಮೂತಿ ಮುಂದಕ್ಕೆ ಚಾಚಿದ ಲಾರಿ. ರಾಜ್ಯದ ಹೆಸರು 1973ರಲ್ಲಿ ಕರ್ನಾಟಕವಾಯಿತು, 1989ರ ಹೊತ್ತಿಗೆ ನಂಬರುಗಳೆಲ್ಲ ಕೆಎ ಆದವು, ಜಿಲ್ಲೆಗೆ ಕೆಎ-18 ಸಿಕ್ಕಿತು, ಮುಂದೆ ತರೀಕೆರೆಗೆ ಕೆಎ-66 ಬಂತು. ಶೆಡ್ಡಿನೊಳಗೆ ಮಾತ್ರ ಇವತ್ತಿಗೂ ಮೈಸೂರು ರಾಜ್ಯ ನಡೆಯುತ್ತಿದೆ.

ದೊಡ್ಡಪ್ಪ ಅದನ್ನು ಹೊಸದಾಗಿ ಕೊಂಡವರಲ್ಲ, ಬೀರೂರಿನ ಒಬ್ಬ ವರ್ತಕರಿಂದ ಸೆಕೆಂಡ್‌ಹ್ಯಾಂಡ್ ತಂದದ್ದು. ಹೊಸದನ್ನು ತರುವವರ ಪಾಡನ್ನು ಅವರು ನೋಡಿದ್ದರು. ಆಗ ಕಂಪನಿ ಕೊಡುತ್ತಿದ್ದುದು ಪೂರ್ತಿ ಲಾರಿಯನ್ನಲ್ಲ. ಚಾಸಿ, ಎಂಜಿನ್ನು, ಬಾನೆಟ್ಟು, ಸ್ಟೀರಿಂಗು, ಚಕ್ರ, ಇಷ್ಟೇ. ಡ್ರೈವರ್ ಕೂರಲು ಒಂದು ಮರದ ಪೆಟ್ಟಿಗೆ. ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಗಾಳಿ, ಮಳೆ, ಹುಳ ಎಲ್ಲವನ್ನೂ ಮುಖದಲ್ಲಿ ತಡೆದುಕೊಂಡು ಆ ಅಸ್ಥಿಪಂಜರವನ್ನು ಜಮ್‌ಷೆಡ್‌ಪುರದಿಂದ ದಕ್ಷಿಣಕ್ಕೆ ಓಡಿಸಿಕೊಂಡು ಬರುತ್ತಿದ್ದರು. ಕ್ಯಾಬಿನ್ನು, ಬಾಡಿ ಎಲ್ಲ ಆಮೇಲೆ ಬಡಗಿಯ ಕೆಲಸ. ದೊಡ್ಡಪ್ಪ ತಂದ ಲಾರಿಯ ಬಾಡಿ ಗೆದ್ದಲು ಹಿಡಿದಿತ್ತಂತೆ. ಅದನ್ನು ಕಿತ್ತು, ಊರಲ್ಲಿ ಗಾಡಿ ಮಾಡುತ್ತಿದ್ದ ಆಚಾರರಿಂದಲೇ ಹೊನ್ನೆ ಮತ್ತು ಜಾಲಿಯಲ್ಲಿ ಹೊಸ ಬಾಡಿ ಕಟ್ಟಿಸಿದರು. ಆಚಾರರಿಗೆ ಎತ್ತಿನಗಾಡಿಯ ಅಳತೆ ಗೊತ್ತಿತ್ತು, ಲಾರಿಯ ಅಳತೆ ಗೊತ್ತಿರಲಿಲ್ಲ. ಹಾಗಾಗಿ ಪಕ್ಕದ ಹಲಗೆಗಳಲ್ಲಿ ಗಾಡಿಯ ಗೂಟದ ಚಾಳಿ ಉಳಿದುಕೊಂಡಿತು. ಒಟ್ಟಿನಲ್ಲಿ ಮುಂದೆ ಜರ್ಮನಿ, ಹಿಂದೆ ಚೌಳಹಿರಿಯೂರು.

ಅದು ಹೊತ್ತದ್ದಕ್ಕೆ ಲೆಕ್ಕವಿಲ್ಲ. ಅಜ್ಜಂಪುರ, ಶಿವನಿ ಕಡೆಯ ಈರುಳ್ಳಿ ಬೆಂಗಳೂರಿನ ಯಶವಂತಪುರಕ್ಕೆ ಹೋಗಬೇಕಾದರೆ ಸಂಜೆ ಲೋಡು, ಬೆಳಗಿನ ಜಾವಕ್ಕೆ ಯಾರ್ಡು. ಚೀಲದ ಮೇಲೆ ರೈತನೂ ಕಂಬಳಿ ಹೊದ್ದು ಕೂತಿರುತ್ತಿದ್ದ. ಹೋಗುವಾಗ ರೇಟಿನ ಕನಸು, ಬರುವಾಗ ಬಾಡಿಗೆ ನಾಳೆ ಕೊಡ್ತೀನಿ ಎನ್ನುವ ಮಾತು. ಅರಸೀಕೆರೆ, ತಿಪಟೂರಿಗೆ ಕೊಬ್ಬರಿ. ಮದುವೆ ಕಾಲದಲ್ಲಿ ಹುಲ್ಲು ಹಾಸಿ ಮೇಲೆ ಜಮಖಾನ ಹಾಸಿದರೆ ದಿಬ್ಬಣದ ಗಾಡಿ. ಸಿರಿಗೆರೆಯ ತರಳಬಾಳು ಹುಣ್ಣಿಮೆಗೆ, ಉಕ್ಕಡಗಾತ್ರಿಯ ಅಮಾವಾಸ್ಯೆಗೆ ಜನ. ಚುನಾವಣೆಯಲ್ಲಿ ಬೆಳಿಗ್ಗೆ ಒಂದು ಪಕ್ಷದವರು, ಮಧ್ಯಾಹ್ನ ಇನ್ನೊಂದು ಪಕ್ಷದವರು. ಹಲವು ಸಲ ಎರಡೂ ಹೊತ್ತು ಅವರೇ ಜನ. ಅಂತರಘಟ್ಟೆ ಜಾತ್ರೆಗೆ ಎತ್ತುಗಳು ಪಾನಕದ ಬಂಡಿ ಕಟ್ಟಿಕೊಂಡು ಓಡುತ್ತಿದ್ದರೆ, ಓಟ ನೋಡುವವರು ಬೆಂಜಿನ ಮೇಲೆ. ನನಗೆ ನೆನಪಿರುವುದು ಡ್ಯಾಶ್‌ಬೋರ್ಡಿನ ಹೀಟರ್ ತಂತಿ. ಬೆಳಗಿನ ಚಳಿಗೆ ಎಂಜಿನ್ನಿಗೆ ಬಿಸಿ ಮುಟ್ಟಿಸದೆ ಸ್ಟಾರ್ಟ್ ಮಾಡುವಂತಿರಲಿಲ್ಲ. ಆ ಸಣ್ಣ ತಂತಿ ಕೆಂಪಗಾಗುವವರೆಗೆ ದೊಡ್ಡಪ್ಪ ಬೀಡಿ ಸೇದುತ್ತಿದ್ದರು. ಬೀಡಿಯೂ ತಂತಿಯೂ ಒಂದೇ ಬಣ್ಣಕ್ಕೆ ಬಂದಾಗ ಸೆಲ್ಫ್ ಹೊಡೆಯುವುದು ಅವರ ಲೆಕ್ಕ.

ಅದು ನಿಂತದ್ದು ಯಾವತ್ತೋ ಒಂದು ದಿನವಲ್ಲ. 1986ರಲ್ಲಿ ಟಾಟಾದವರದೇ ಫೋರ್ ನಾಟ್ ಸೆವೆನ್ ಬಂದು ಅರ್ಧ ಬಾಡಿಗೆ ಕಿತ್ತುಕೊಂಡಿತು. 2005ರಲ್ಲಿ ಟಾಟಾ ಏಸ್ ಬಂದು ತೋಟದ ಬದುವಿನ ಮೇಲೆ ನುಗ್ಗಿ ಉಳಿದದ್ದನ್ನೂ ಕಿತ್ತುಕೊಂಡಿತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷವರ್ಷವೂ ಎಫ್‌ಸಿ. ಎಫ್‌ಸಿಗೆಂದು ಬಣ್ಣ ಹೊಡೆಸಿದರೆ ಆ ಸಲದ ಬಾಡಿಗೆಯೆಲ್ಲ ಬಣ್ಣಕ್ಕೇ. ಒಂದು ಮಳೆಗಾಲ "ಬಿಸಿಲು ಬರ್ಲಿ, ತೆಗ್ಯಾಣ" ಎಂದು ಶೆಡ್ಡಿಗೆ ಬಿಟ್ಟವರು ಬಿಸಿಲು ಬಂದಾಗ ತೆಗೆಯಲಿಲ್ಲ. ಓಡಿಸದೆ ನಿಲ್ಲಿಸುವುದಾದರೆ ಕಚೇರಿಗೆ ಮೊದಲೇ ತಿಳಿಸಿ ದಾಖಲೆ ಒಪ್ಪಿಸಬೇಕು, ಇಲ್ಲವಾದರೆ ಗಾಡಿ ನಿಂತರೂ ತೆರಿಗೆ ಓಡುತ್ತಲೇ ಇರುತ್ತದೆ. ದೊಡ್ಡಪ್ಪ ಇಂಥದ್ದರಲ್ಲಿ ಬಲು ಕಟ್ಟುನಿಟ್ಟು. ಲಾರಿ ನಿಲ್ಲಿಸುವುದನ್ನೂ ರಶೀದಿ ಪಡೆದೇ ನಿಲ್ಲಿಸಿದರು.

ನಿಂತ ಲಾರಿಯ ಸುತ್ತ ಒಂದು ಸಂಸಾರ ಬೆಳೆಯಿತು. ಸ್ಟೀರಿಂಗ್ ಎದುರಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ವೈರಿಂಗನ್ನು ಹೆಗ್ಗಣ ತಿಂದು ಮುಗಿಸಿದೆ. ಹಿಂದಿನ ಎಡಗಡೆ ಚಕ್ರಕ್ಕೆ ಒತ್ತಿಕೊಂಡು ಒಂದು ಹುತ್ತ ಎದ್ದಿತು. ನಾಗಪ್ಪ ತಾನಾಗಿ ಮನೆಗೆ ಬಂದಿದ್ದಾನೆ ಎಂದು ದೊಡ್ಡಮ್ಮ ನಾಗರಪಂಚಮಿಗೆ ಅಲ್ಲೇ ತನಿ ಎರೆಯತೊಡಗಿದರು. ಆಯುಧಪೂಜೆಯೂ ತಪ್ಪಲಿಲ್ಲ. ಮೈ ಒರೆಸಿ, ಹೂ ಮುಡಿಸಿ, ಬೂದುಗುಂಬಳಕಾಯಿ ಒಡೆದು, ನಾಲ್ಕೂ ಕಡೆ ನಿಂಬೆಹಣ್ಣು ಇಟ್ಟಾಗ ಮಾತ್ರ ಪ್ರತಿವರ್ಷ ಒಂದು ಬಿಕ್ಕಟ್ಟು. ಲಾರಿ ಮುಂದೆ ಹೋಗಿ ಹಣ್ಣು ಜಜ್ಜಬೇಕು, ಲಾರಿ ಹೋಗುವುದಿಲ್ಲ. ಕೊನೆಗೆ ಯಾರಾದರೂ ಹುಡುಗನನ್ನು ಕರೆದು ಕಾಲಲ್ಲಿ ತುಳಿಸುವುದು. ಹುಡುಗನಿಗೆ ಐದು ರೂಪಾಯಿ. ಇದು ಈಗ ಐವತ್ತಕ್ಕೆ ಏರಿದೆ.

ಇಷ್ಟರಲ್ಲಿ ಶೆಡ್ಡಿನ ಒಂದು ಮಗ್ಗುಲಿನ ತೊಲೆ ಬಾಗಿತೆಂದು ಬಾಗಿಲ ನಡುವೆ ಒಂದು ಕಲ್ಲುಕಂಬ ನೆಟ್ಟರು. ನೆಟ್ಟ ಮೇಲೆ ನೋಡಿದರೆ ಲಾರಿ ಒಳಗೆ, ಕಂಬ ಮುಂದೆ. ಯಾರೂ ಇದನ್ನು ದೊಡ್ಡ ವಿಷಯ ಮಾಡಲಿಲ್ಲ, ಹೊರಡುವ ಗಾಡಿ ಅಲ್ಲವಲ್ಲ.

ಮಾತು ಎತ್ತಿದ್ದು ದೊಡ್ಡಮ್ಮ. ನಮ್ಮ ಕಡೆ ಕಾಯಿಯನ್ನು ಹಸಿಯಾಗಿಯೇ ಮಾರುವುದು ಆತುರಗಾರರ ಕೆಲಸ. ಉಂಡೆಕೊಬ್ಬರಿ ಬೇಕಾದರೆ ಬಲಿತ ಕಾಯನ್ನು ಅಟ್ಟದಲ್ಲೋ ಶೆಡ್ಡಿನಲ್ಲೋ ನೆರಳಿಗೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ಅಲುಗಿಸಿದರೆ ಗಿಟಕು ಗಡಗಡ ಎನ್ನಬೇಕು. ಅಷ್ಟು ತಿಂಗಳು ಕಾಯಿಗೆ ಸೂರು ಬೇಕು. "ದುಡ್ಡು ತರೋ ಕಾಯಿ ಮಳೇಲಿ ನೆನೀತವೆ. ದುಡ್ಡು ತಿಂದ ಲಾರಿ ನೆಳ್ಳಲ್ಲೈತೆ. ಈ ವರ್ಷ ಎಲ್ಡ್ರಾಗೆ ಒಂದು ಆಚೆಗೋಗ್ಬೇಕು," ಎಂದರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಪತ್ರಿಕೆಗೆ ಆಗಾಗ ಬರೆಯುವವನಾದ್ದರಿಂದ ನನಗೆ ಬಹಳ ಜನರ ಪರಿಚಯವಿರುತ್ತದೆ ಎಂಬುದು ನೆಂಟರ ನಂಬಿಕೆ. ಗಿರಾಕಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡಪ್ಪ ಒಂದೇ ಮಾತು ಹೇಳಿದರು: "ಗಿರಾಕಿ ಬ್ಯಾಡ. ಯಜಮಾನ್ನ ಹುಡುಕು."

ಈ ಮಾತಿನ ಹಿಂದೆ ಎತ್ತಿನ ವ್ಯಾಪಾರದ ವಿದ್ಯೆ ಇದೆ. ನಮ್ಮದು ಅಮೃತ ಮಹಲ್ ಸೀಮೆ. ಚಿಕ್ಕದೇವರಾಜ ಒಡೆಯರ 'ಬೆಣ್ಣೆ ಚಾವಡಿ'ಯ ದನಗಳನ್ನು ಹೈದರಾಲಿ ಯುದ್ಧದ ಸಾಗಣೆಗೆ ಹಚ್ಚಿದ. ಟಿಪ್ಪು ಆ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. ಈ ಎತ್ತುಗಳ ಬಲದಿಂದ ಹೈದರನ ಸೈನ್ಯ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತು ಎಂದು ಹಳೆಯ ಬರಹಗಾರರು ಬೆರಗಿನಿಂದ ಬರೆದಿದ್ದಾರೆ. ಆಗಿನ ಕಾಲಕ್ಕೆ ಅವೇ ಲಾರಿ. ಅಜ್ಜಂಪುರದಲ್ಲಿ ಇವತ್ತಿಗೂ ಆ ತಳಿಯ ಕೇಂದ್ರವಿದೆ, ಸುತ್ತ ಕಾವಲುಗಳಿವೆ. ಬೀರೂರಿನಲ್ಲಿ ಹೋರಿಗಳ ಹರಾಜು ನಡೆದರೆ ಹಾವೇರಿ, ದಾವಣಗೆರೆಯಿಂದೆಲ್ಲ ಜನ ಬರುತ್ತಾರೆ. ಅದು ಸರ್ಕಾರದ ಹರಾಜು, ಎಲ್ಲರೆದುರು ಕೂಗಿ ಹಿಡಿಯುವುದು. ಜಾತ್ರೆಗಳ ದನದ ಪರಿಷೆಯಲ್ಲಿ ಹಾಗಿಲ್ಲ. ಅಲ್ಲಿ ಕೊಳ್ಳುವವನು, ಮಾರುವವನು ಒಂದು ಟವೆಲ್ ಕೆಳಗೆ ಕೈ ಹಿಡಿದುಕೊಳ್ಳುತ್ತಾರೆ. ಬೆರಳು ಒತ್ತುವುದರಲ್ಲೇ ಸಾವಿರ, ನೂರು ಎಲ್ಲ. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ, ಆ ಮುಖಗಳೂ ಏನೂ ಹೇಳದಂತೆ ಪಳಗಿದವು. ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಮಾರುವವನು ಆ ಹೊತ್ತಿನಲ್ಲಿ ಕೊಳ್ಳುವವನನ್ನು ನೋಡುತ್ತಿರುತ್ತಾನೆ: ಯಾವೂರು, ಹೊಲ ಕಪ್ಪೋ ಕೆಂಪೋ, ನೀರು ಎಷ್ಟು ದೂರ, ಕೈಯಲ್ಲಿ ಬಾರುಕೋಲು ಇದೆಯೋ. ದೊಡ್ಡಪ್ಪ ಹೀಗೆ ನೋಡಿ ವ್ಯಾಪಾರ ಮುರಿದುಕೊಂಡು ಎತ್ತು ವಾಪಸ್ ಹೊಡೆದುಕೊಂಡು ಬಂದದ್ದುಂಟು. ಮಾರಿದರೂ ಹಗ್ಗ ಕೊಡುತ್ತಿರಲಿಲ್ಲ. ಕೊಂಡವನು ತನ್ನ ಹಗ್ಗ ಹಾಕಿಕೊಂಡು ಹೋಗಬೇಕು, ಹಳೆಯದು ಕೊಟ್ಟಿಗೆಯ ಗೂಟಕ್ಕೆ.

ಮೊದಲು ಬಂದವನು ಗುಜರಿಯವನು. ಅವನಿಗೆ ಯಾರೂ ಹೇಳಿರಲಿಲ್ಲ. ಮಾರುವ ಯೋಚನೆ ಮನಸ್ಸಿಗೆ ಬಂದ ಕೂಡಲೇ ಇವರಿಗೆ ಹೇಗೋ ಗೊತ್ತಾಗುತ್ತದೆ. ಲಾರಿಯನ್ನು ಒಂದು ಸುತ್ತು ಬಂದು, ಬಾನೆಟ್ಟಿಗೆ ಬೆರಳಲ್ಲಿ ತಟ್ಟಿ, ಹಲಗೆಗೆ ಕಾಲಲ್ಲಿ ಒದ್ದು, "ಮರ ಕಳೆದು ಕೆಜಿ ಲೆಕ್ಕ ಹಾಕ್ಬೇಕು ಯಜಮಾನ್ರೇ," ಎಂದ. ಕೆಜಿ ಎಂದ ಕೂಡಲೇ ದೊಡ್ಡಪ್ಪ ಎದ್ದು ಹಿತ್ತಲಿಗೆ ಹೋದರು. ಆ ವ್ಯಾಪಾರ ಅಷ್ಟೇ. ನಾನು ಬಿಡದೆ ಸರ್ಕಾರದ ಗುಜರಿ ನೀತಿಯ ಬಗ್ಗೆ ಹೇಳಿದೆ. 2021ರಲ್ಲಿ ಬಂದದ್ದು, ನೋಂದಾಯಿತ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ ಅವರೇ ಕ್ರಮವಾಗಿ ಬಿಚ್ಚುತ್ತಾರೆ, ಒಂದು ಪ್ರಮಾಣಪತ್ರ ಕೊಡುತ್ತಾರೆ, ಹೊಸ ಗಾಡಿ ಕೊಂಡರೆ ರಿಯಾಯಿತಿ ಇದೆ. "ಅಂದ್ರೆ ಸರ್ಟಿಫಿಕೇಟ್ ಕೊಟ್ಟು ಕೊಯ್ತಾರೆ ಅನ್ನು," ಎಂದರು ಹಿತ್ತಲಿನಿಂದಲೇ.

ಆಮೇಲೆ ಬಂದವರು ಬೆಂಗಳೂರಿನ ಒಬ್ಬ ತರುಣ. ನಾನು ಎಲ್ಲೋ ಬಿಟ್ಟ ಬೆಂಜಿನ ಮಾತು ಬಾಯಿಂದ ಬಾಯಿಗೆ ದಾಟಿ, "ಕಡೂರು ಹತ್ತಿರ ಅರವತ್ತರ ದಶಕದ ಮರ್ಸಿಡಿಸ್, ಒಬ್ಬರೇ ಯಜಮಾನರು, ಬಿಸಿಲು ತಾಗಿಲ್ಲ" ಎಂದಾಗಿ ಅವರ ಕಿವಿಗೆ ಬಿದ್ದಿತ್ತು. ಬಿಳಿ ಶೂ ಹಾಕಿಕೊಂಡು ಬಂದರು. ಶೆಡ್ಡಿನ ಬಾಗಿಲಲ್ಲಿ ನಿಂತು ಕತ್ತಲೆಗೆ ಕಣ್ಣು ಹೊಂದಿಸಿಕೊಳ್ಳುತ್ತಾ, "ಕಾರು ಇದರ ಹಿಂದೆ ಇದೆಯಾ?" ಎಂದು ಕೇಳಿದರು. ಇದೇ ಎಂದೆವು. ಪಾಪ, ಒಳ್ಳೆಯವರು. ನಗುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ, ನಕ್ಕರು, ಮಜ್ಜಿಗೆ ಕುಡಿದರು. ಹೋಗುವಾಗ, ನಕ್ಷತ್ರ ಎಲ್ಲಿ ಎಂದು ಕೇಳಿದರು. ಅದನ್ನು ಹುಡುಗರು ಕಿತ್ತಾರು ಎಂದು ದೊಡ್ಡಪ್ಪ ಯಾವತ್ತೋ ಬಿಚ್ಚಿ, ಬಟ್ಟೆ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ತಂದು ತೋರಿಸಿದರು. "ಇದೊಂದನ್ನೇ ಕೊಡ್ತೀರಾ?" ಎಂದರು ತರುಣ. ಇಡೀ ಲಾರಿಗೆ ಗುಜರಿಯವನು ಮನಸ್ಸಿನಲ್ಲಿ ಹಾಕಿಕೊಂಡಿದ್ದ ರೇಟಿಗೆ ನಾಚಿಕೆಯಾಗುವಂಥ ಬೆಲೆಯನ್ನು ಆ ಒಂದು ತಗಡಿಗೆ ಹೇಳಿದರು. ದೊಡ್ಡಪ್ಪ ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು.

ಹೋಗುವ ಮೊದಲು ಆ ತರುಣ ಒಂದು ವಿಷಯ ತಿಳಿಸಿದರು. 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು, 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ, 20,000 ರೂಪಾಯಿ ಶುಲ್ಕ, ನಂಬರಿನಲ್ಲಿ 'ವಿಎ' ಎಂಬ ಎರಡಕ್ಷರ ಬರುತ್ತದೆ, ಅಂಥ ಗಾಡಿಯನ್ನು ದುಡಿಮೆಗೆ ಹಚ್ಚುವಂತಿಲ್ಲ. ನಾನು ಉತ್ಸಾಹದಿಂದ ಕೂತು ಓದಿದೆ. ನಿಯಮ ಇರುವುದು ಬೈಕು, ಸ್ಕೂಟರು, ಸ್ವಂತ ಬಳಕೆಯ ಕಾರುಗಳಿಗೆ. ಸರಕು ಹೊತ್ತ ಲಾರಿಗೆ ಇಲ್ಲ. ಕೈಕಟ್ಟಿ ಕೂತ ಕಾರಿಗೆ ಐವತ್ತಾದರೆ ಗೌರವ, ಮೈಮುರಿದು ದುಡಿದ ಲಾರಿಗೆ ಐವತ್ತಾದರೆ ಗುಜರಿ. ದೊಡ್ಡಪ್ಪನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಎಲ್ಲಾ ಕಡೆ ಅಂಗೇ ಅಲ್ವೇನ್ಲಾ?"

ಆ ಹೊತ್ತಿಗೆ ನಾನು ಜಗತ್ತಿನ ಶೆಡ್ಡುಗಳನ್ನೆಲ್ಲ ಓದತೊಡಗಿದ್ದೆ. ಪಶ್ಚಿಮ ಫ್ರಾನ್ಸಿನ ಒಂದು ತೋಟದಲ್ಲಿ ರೋಜೆ ಬಯ್ಯೋನ್ ಎಂಬುವನು ಕೂಡಿಟ್ಟಿದ್ದ ಹಳೆಯ ಕಾರುಗಳು ತಗಡಿನ ಮಾಡುಗಳ ಕೆಳಗೆ ದಶಕಗಟ್ಟಲೆ ತುಕ್ಕು ಹಿಡಿದು ಬಿದ್ದಿದ್ದವು. ಮೊಮ್ಮಕ್ಕಳ ಕಾಲಕ್ಕೆ, 2014ರಲ್ಲಿ, ಹರಾಜಿನವರು ಬಂದು ನೋಡಿದರು. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಹರಾಜು. ಹಳೆಯ ಪತ್ರಿಕೆಗಳ ರಾಶಿಯ ಅಡಿಯಲ್ಲಿ ಸಿಕ್ಕಿದ ಒಂದು ಫೆರಾರಿ, ನಟ ಅಲೆನ್ ಡೆಲೋನ್ ಒಂದು ಕಾಲಕ್ಕೆ ಓಡಿಸಿದ್ದು, 1.6 ಕೋಟಿ ಯೂರೋ ದಾಟಿತು. ಫೋನಿನಲ್ಲಿ ಚಿತ್ರ ತೋರಿಸಿ ಇದನ್ನೆಲ್ಲ ವಿವರಿಸಿದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ನೋಡಿದರು. "ಇಷ್ಟೊಂದು ಕಾರು ಕೊಳ್ಳಾಕೆ ಅವ್ನು ಏನ್ ಮಾಡ್ಕಂಡಿದ್ದ?" ಎಂದು ಕೇಳಿದರು. ಬಯ್ಯೋನ್ ಲಾರಿ ಸಾಗಣೆಯ ಉದ್ಯಮಿ, ಲಾರಿಗಳನ್ನು ಕಟ್ಟುತ್ತಲೂ ಇದ್ದ ಎಂದೆ. ದೊಡ್ಡಪ್ಪ ಫೋನು ವಾಪಸ್ ಕೊಟ್ಟರು. "ಲಾರಿ ಓಡ್ಸಿ ದುಡ್ದು ಕಾರು ತಗಂಡ. ಕಾರಿನ ಸುದ್ದಿ ಬರ್ದವ್ರೆ. ಅವ್ನ ಲಾರಿ ಏನಾದ್ವು ಅಂತ ಎಲ್ಲಾದ್ರು ಬರ್ದವ್ರಾ?" ನಾನು ಹುಡುಕಿದೆ. ಹರಾಜಿನ ಸುದ್ದಿಯವರು ಲಾರಿಗಳ ಗೊಡವೆಗೆ ಹೋಗಿರಲಿಲ್ಲ.

ಧರ್ಮಸ್ಥಳಕ್ಕೆ ಕೊಡಬಾರದೇಕೆ ಎಂದು ಸೋದರತ್ತೆ ಸೂಚಿಸಿದರು. ಅಲ್ಲಿನ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ಅವರು ನೋಡಿ ಬಂದಿದ್ದರು. ಸ್ವಾಮಿ ಕೇಳಿಲ್ಲದೆ ಈರುಳ್ಳಿ ಲಾರಿ ಕಳಿಸುವುದು ಸರಿಯಲ್ಲ ಎಂದು ದೊಡ್ಡಪ್ಪ ಅದನ್ನು ಅಲ್ಲಿಗೇ ಬಿಟ್ಟರು. ಸಿನಿಮಾದವರೊಬ್ಬರು ಬಂದರು, ಎಂಬತ್ತರ ದಶಕದ ಕಥೆ, ಬಾಡಿಗೆ ಬೇಡ ಕೊಂಡೇಬಿಡುತ್ತೇವೆ ಎಂದರು. ಯಾಕೆ ಎಂದು ಕೇಳಿದರೆ, ಕೊನೆಯ ದೃಶ್ಯದಲ್ಲಿ ಅದು ಕಮರಿಗೆ ಬೀಳಬೇಕಂತೆ. "ಡ್ರೈವರು ಇಳೀತಾನೋ?" ಎಂದು ದೊಡ್ಡಪ್ಪ. "ಇಲ್ಲ ಸರ್, ಅವನೇ ವಿಲನ್." ಯಗಟಿ ರಸ್ತೆಯಲ್ಲೇ ಆಗಲಿ, ಬಾಬಾಬುಡನ್‌ಗಿರಿಯ ತಿರುವುಗಳಲ್ಲೇ ಆಗಲಿ, ಒಂದು ಸಲವೂ ಗುಂಡಿಗೆ ಇಳಿಯದ ಗಾಡಿ ಅದು. ಅವರಿಗೂ ಮಜ್ಜಿಗೆ ಕೊಟ್ಟು ಕಳಿಸಿದೆವು. ಹೆದ್ದಾರಿಯಲ್ಲಿ ಹೋಟೆಲು ಮಾಡುತ್ತಿದ್ದ ಒಬ್ಬರು ಮೂತಿಯನ್ನು ಕೊಯ್ದು ಗೋಡೆಗೆ ಕೂರಿಸಿ, ಬಾನೆಟ್ಟಿನ ಕೆಳಗೆ ದೋಸೆಯ ಕಾವಲಿ ಇಡುವ ಯೋಜನೆ ಹೇಳಿದರು. ಯೋಜನೆ ನನಗೆ ಹಿಡಿಸಿತ್ತು. ದೋಸೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮನೆಯಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಇಟ್ಟಿಗೆ ಗೂಡಿನವರೊಬ್ಬರು ಮಾತ್ರ ನಿಜವಾಗಿ ಕೆಲಸಕ್ಕೇ ಕೇಳಿದರು. ಎಂಜಿನ್ನು ತಿರುಗಿದರೆ ಸಾಕು, ದಾಖಲೆ ಪಾಖಲೆ ಏನೂ ಬೇಡ, ಗೂಡಿನ ಆವರಣದೊಳಗೇ ಓಡಿಸಿಕೊಳ್ಳುತ್ತೇವೆ, ಹೆಸರು ನಿಮ್ಮದೇ ಇರಲಿ ಎಂದರು. ದೊಡ್ಡಪ್ಪ ಸ್ವಲ್ಪ ಮೆತ್ತಗಾದರು. ದುಡಿಯುವ ಜಾಗ ಎಂಬುದು ಅವರಿಗೆ ಸಮಾಧಾನ ತಂದಿತ್ತು. ಅಡ್ಡ ಬಂದವನು ನಾನು. ಮೋಟಾರು ವಾಹನ ಕಾಯ್ದೆಯ ಕಣ್ಣಿಗೆ ಯಜಮಾನ ಎಂದರೆ ಯಾರು ಓಡಿಸುತ್ತಾನೋ ಅವನಲ್ಲ, ಯಾರ ಹೆಸರು ನೋಂದಣಿಯಲ್ಲಿದೆಯೋ ಅವನು. ಒಂದು ಕಾರು ಹೀಗೇ ಹೆಸರು ಬದಲಾಗದೆ ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗಿ, ಕೊನೆಗೆ ಅಪಘಾತವಾಗಿ, ಪರಿಹಾರ ಯಾರು ಕೊಡಬೇಕು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಾರಿದ್ದೇನೆ ಎಂದು ಹೇಳಿದರೆ ಸಾಲದು, ಪುಸ್ತಕದಲ್ಲಿ ಹೆಸರು ಇರುವವನೇ ಹೊಣೆ ಎಂದು 2018ರಲ್ಲಿ ತೀರ್ಪಾಯಿತು. ಗೂಡಿನಲ್ಲಿ ಲಾರಿ ಯಾರ ಕಾಲ ಮೇಲಾದರೂ ಹತ್ತಿದರೆ ಕೋರ್ಟಿಗೆ ಓಡಾಡುವವರು ಎಂಬತ್ತು ದಾಟಿದ ದೊಡ್ಡಪ್ಪ. ಎತ್ತಿನಲ್ಲಿ ಈ ತಂಟೆಯಿಲ್ಲ, ಯಾರ ಹಗ್ಗವೋ ಅವನೇ ಯಜಮಾನ. ಗೂಡಿನವರು ತಲೆಯಾಡಿಸಿ ಹೋದರು.

ಆಗ ಆರ್‌ಸಿ ಪುಸ್ತಕ ತೆಗೆದೆವು. ಬಟ್ಟೆ ರಟ್ಟಿನ ಹಳೆಯ ಪುಸ್ತಕ, ಅರಿಸಿನ ಕುಂಕುಮದ ಕಲೆ. ಒಳಗೆ ದೊಡ್ಡಪ್ಪನ ಹೆಸರಿನ ಕೆಳಗೆ ಒಂದು ಫೈನಾನ್ಸ್ ಕಂಪನಿಯ ಮುದ್ರೆ. ಲಾರಿ ಕೊಳ್ಳುವಾಗ ಮಾಡಿದ ಸಾಲ. ಸಾಲವನ್ನು ದೊಡ್ಡಪ್ಪ ಕಂತು ತಪ್ಪದೆ ತೀರಿಸಿದ್ದರು, ಮುದ್ರೆ ತೆಗೆಸುವುದು ಮಾತ್ರ ಉಳಿದುಹೋಗಿತ್ತು. ಅದಕ್ಕೆ ನಮೂನೆ 35ಕ್ಕೆ ಕಂಪನಿಯವರ ಸಹಿ ಬೇಕು. ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಅದಿದ್ದ ಮಹಡಿಯಲ್ಲಿ ಈಗ ಕಂಪ್ಯೂಟರ್ ಕ್ಲಾಸು. ಸಾಲ ಕೊಟ್ಟವನು ಇಲ್ಲ, ಸಾಲವೂ ಇಲ್ಲ, ಅಡಮಾನ ಮಾತ್ರ ಇದೆ. ದೊಡ್ಡಪ್ಪ ಇಟ್ಟಿದ್ದ ಕಂತಿನ ರಶೀದಿಗಳ ಕಟ್ಟು, ಅಫಿಡವಿಟ್ಟು, ಪತ್ರಿಕೆಯಲ್ಲಿ ಪ್ರಕಟಣೆ ಎಂದೆಲ್ಲ ಒಬ್ಬ ಏಜೆಂಟು ದಾರಿ ತೋರಿಸಿದ. ಅವನ ಫೀಸನ್ನು ಬರೆಯುವುದಿಲ್ಲ, ದೊಡ್ಡಮ್ಮ ಈ ಪತ್ರಿಕೆ ಓದುತ್ತಾರೆ.

ಯಜಮಾನ ಸಿಕ್ಕಿದ್ದು ಯಾರೂ ಹುಡುಕದೆ. ಬೀರೂರಿನ ಕಡೆಯವರು, ಅರವತ್ತರ ಆಸುಪಾಸು, ಸ್ವಂತ ಲಾರಿಗಳಿದ್ದು ಈಗ ಮಗ ನೋಡಿಕೊಳ್ಳುತ್ತಾನೆ. ತೆಂಗಿನ ಸಸಿ ಕೇಳಿಕೊಂಡು ಬಂದವರು ಶೆಡ್ಡಿನ ಕಡೆ ನೋಡಿ ಸುಮ್ಮನೆ ಒಳಗೆ ಹೋದರು. ಹೊರಗಿನಿಂದ ನಮಗೆ ಕಂಡದ್ದು ಎರಡು ಪಾದ ಮಾತ್ರ. ಉಳಿದ ಮೈ ಲಾರಿಯ ಅಡಿಯಲ್ಲಿ. ಪಾಟಾ ಪಟ್ಟಿಗಳನ್ನು ಒಂದೊಂದಾಗಿ ತಟ್ಟುವ ಸದ್ದು ಬರುತ್ತಿತ್ತು. ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಶೆಡ್ಡಿನ ಬಾಗಿಲಿಗೇ ಬಂದು ಕೂತರು.

"ಎಡಗಡೆ ಒಂದು ಪಟ್ಟಿ ಹೊಸದು ಹಾಕ್ಸಿದ್ದೀರಿ," ಎಂದಿತು ಅಡಿಯ ದನಿ.

"ತಿಪಟೂರಲ್ಲಿ."

"ಹೌಸಿಂಗ್ ಬಿಚ್ಚಿಲ್ಲ."

"ಬಿಚ್ಚೋ ಅಂಥದ್ದು ಏನೂ ಬರ್ಲಿಲ್ಲ."

"ಓವರ್‌ಲೋಡ್ ಹೊಡ್ದಿಲ್ಲ ನೀವು."

ಇದಕ್ಕೆ ದೊಡ್ಡಪ್ಪ ಉತ್ತರ ಹೇಳಲಿಲ್ಲ. ಸತ್ಯ ಹೇಳಬೇಕೆಂದರೆ ಈರುಳ್ಳಿಯ ಕಾಲದಲ್ಲಿ ಎಲ್ಲರೂ ಹೊಡೆಯುತ್ತಿದ್ದರು. ಆದರೆ ಹೊಗಳಿಕೆಯನ್ನು ತಡೆದು ತಿದ್ದುವುದು ನಮ್ಮ ಕಡೆಯ ಪದ್ಧತಿಯಲ್ಲ. ಆ ಮನುಷ್ಯ ಮಣ್ಣು ಕೊಡವಿಕೊಂಡು ಎದ್ದು ಬಂದು ಹುತ್ತದ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿದರು. ಅಲ್ಲಿಗೆ ದೊಡ್ಡಮ್ಮನ ಮತವೂ ಬಿತ್ತು.

"ತಗಂಡು ಏನ್ ಹೊರಿಸ್ತೀರಿ?" ಎಂದರು ದೊಡ್ಡಪ್ಪ.

"ಹೊರ್ಸೋದೇನಿಲ್ಲಣ್ಣ. ನಾನು ಕ್ಲೀನರ್ ಆಗಿ ಹತ್ತಿದ್ದು ಇಂಥ ಗಾಡೀನೇ. ಎಂಜಿನ್ನು ನಾನೇ ಬಿಚ್ತೀನಿ. ಓಡಿದ್ರೆ ಎಫ್‌ಸಿ ಮಾಡ್ಸಿ ವರ್ಷಕ್ಕೊಂದು ಸಲ ಜಾತ್ರೆಗೆ ತರ್ತೀನಿ. ಓಡ್ಲಿಲ್ಲ ಅಂದ್ರೆ ನಮ್ಮ ವೇಬ್ರಿಜ್ ಪಕ್ಕದಾಗೆ ಸೂರು ಹಾಕಿ ನಿಲ್ಲಿಸ್ತೀನಿ. ಮನೇಲಿ ಬೈತಾರೆ, ಬೈಲಿ."

ದೊಡ್ಡಪ್ಪ ಇನ್ನೊಂದು ಪರೀಕ್ಷೆ ಇಟ್ಟರು. ಟ್ರಂಕಿನಿಂದ ನಕ್ಷತ್ರ ತರಿಸಿ ಎದುರಿಗೆ ಇಟ್ಟರು. ಆ ಮನುಷ್ಯ ಅದನ್ನು ಎತ್ತಿಕೊಳ್ಳಲಿಲ್ಲ. "ಇದು ನಿಮ್ಮನೇಲೇ ಇರ್ಲಿ ಬಿಡಿ. ಬೇಕಾದ್ರೆ ನಾನು ಬೇರೆ ಹುಡುಕ್ಕೋತೀನಿ," ಎಂದರು. ಅದು ಮತ್ತೆ ಟ್ರಂಕಿಗೆ ಹೋಯಿತು. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹಾಸಿದರು. ಬೀರೂರಿನವರು ಅದರೊಳಗೆ ಕೈ ಹಾಕಿದರು. ಇಬ್ಬರ ಮುಖದಲ್ಲೂ ಏನೂ ಇಲ್ಲ. ಒಂದು ಸಲ ದೊಡ್ಡಪ್ಪ ತಲೆ ಅಡ್ಡ ಆಡಿಸಿದರು, ಇನ್ನೊಂದು ಸಲ ಅವರು. ಕಾಫಿ ತಣ್ಣಗಾಗುವ ಹೊತ್ತಿಗೆ ಮುಗಿಯಿತು.

ಉಳಿದದ್ದು ಹೊರಗೆ ತೆಗೆಯುವ ಕೆಲಸ. ಕಲ್ಲುಕಂಬ ಕಿತ್ತರೆ ತೊಲೆ ಇಳಿಯುತ್ತದೆ, ಆದ್ದರಿಂದ ಹಿಂದಿನ ಗೋಡೆ ಒಡೆಯಬೇಕು. ಗೋಡೆಯ ಆಚೆ ಪಕ್ಕದವರ ಬಣವೆ, ಅವರ ಹುಲ್ಲು ಮುಗಿಯಬೇಕು. ಹುತ್ತಕ್ಕೆ ಪುರೋಹಿತರನ್ನು ಕೇಳಿದ್ದಾಗಿದೆ, ಪೂಜೆ ಮಾಡಿ ಒಂದು ದಿನ ಬಿಟ್ಟು ಆಮೇಲೆ ಚಕ್ರ ತಿರುಗಿಸಬಹುದಂತೆ. ಚಕ್ರ ತಿರುಗುತ್ತದೋ ಇಲ್ಲವೋ ಎಂಬುದನ್ನು ಪುರೋಹಿತರು ಹೇಳಲಿಲ್ಲ. ಗೋಡೆ ಒಡೆಯುವ ಖರ್ಚು ಯಾರದು ಎಂಬುದು ಟವೆಲಿನ ಒಳಗೇ ತೀರ್ಮಾನವಾಗಿದೆಯೆಂದು ಇಬ್ಬರೂ ಹೇಳುತ್ತಾರೆ, ಯಾರದು ಎಂದು ಹೇಳುವುದಿಲ್ಲ.

ಏಜೆಂಟು ನಮೂನೆ 29, ನಮೂನೆ 30 ಎಲ್ಲ ತುಂಬಿಸಿಕೊಂಡು ಬಂದ. ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಹೆಸರು ಬದಲಿಸಿಕೊಳ್ಳಬೇಕು. ಇಬ್ಬರೂ ಸಹಿ ಹಾಕಿದರು. ಆಮೇಲೆ ಡೆಲಿವರಿ ನೋಟ್ ತೆಗೆದು, ಪೆನ್ನು ಹಿಡಿದು, "ಮೊತ್ತ ಎಷ್ಟು ಬರೀಲಿ ಸರ್?" ಎಂದು ಕೇಳಿದ. ದೊಡ್ಡಪ್ಪ ಬೀರೂರಿನವರ ಮುಖ ನೋಡಿದರು, ಬೀರೂರಿನವರು ದೊಡ್ಡಪ್ಪನ ಮುಖ ನೋಡಿದರು. ದೊಡ್ಡಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

"ಎಷ್ಟು ಬರ್ದ್ರೆ ನಿಮ್ಮ ಆಫೀಸ್ನಾಗೆ ಒಪ್ತಾರೆ?" ಎಂದರು ದೊಡ್ಡಪ್ಪ.